ಟೀ ಮೇಲಿನ ಬಾಲ್, ಅದರೊಳಗಿನ ರಬ್ಬರ್, ನಮ್ಮೂರ ಗಾಳಿ

ಬಾಕ್ಸ್ ಮೇಲೆ "ಲಾಂಗೆಸ್ಟ್" ಅಂತ ದೊಡ್ಡ ಅಕ್ಷರದಲ್ಲಿ ಬರೆದದ್ದು ನೋಡಿ ಗಾಲ್ಫ್ ಬಾಲ್ ತಗೊಳ್ಳುವವರು ತುಂಬಾ ಜನ, ಅದ್ರಲ್ಲಿ ತಪ್ಪೇನೂ ಇಲ್ಲ, ಡ್ರೈವರ್ (ತುಂಬಾ ದೂರ ಹೊಡೆಯುವ ಉದ್ದದ ಕೋಲು) ಹಿಡ್ಕೊಂಡು ಟೀ (ಮೊದಲ ಏಟಿಗೆ ಬಾಲ್ ಇಡುವ ಸಣ್ಣ ಗೂಟ) ಹತ್ರ ನಿಂತ ಮೇಲೆ ಬಾಲ್ ದೂರ ಹೋಗ್ಬೇಕು ಅಂತ ಆಸೆ ಇಲ್ಲದವರು ಯಾರಿದ್ದಾರೆ ಹೇಳಿ. ನಾನೂ ಕೆಲವು ವರ್ಷದಿಂದ ಸಿಕ್ಕಿದ ಬಾಲ್ ಎಲ್ಲ ಹೊಡೆದು, ಎಲ್ಲಿ ಬಿತ್ತು ಅಂತ ಬರೆದಿಟ್ಟು, ಕೆಲವನ್ನ ಗರಗಸದಲ್ಲಿ ಕೊಯ್ದೂ ನೋಡಿದ್ದೇನೆ. ಅಷ್ಟೆಲ್ಲ ಮಾಡಿದ ಮೇಲೆ ನನಗೆ ಖಾತ್ರಿಯಾದ ಸಂಗತಿ ಏನಂದ್ರೆ, ಟೀಯಿಂದ ಯಾವ ಬಾಲ್ ಹೆಚ್ಚು ದೂರ ಅಂತ ಕೇಳಿದ್ರೆ ನಮ್ಮ ಮಂಗಳೂರಲ್ಲಿ ಜುಲೈಗೆ ಒಂದು ಉತ್ತರ, ಮಾರ್ಚ್‌ಗೆ ಇನ್ನೊಂದು, ಬೆಳಿಗ್ಗೆ ಒಂದು, ಮಧ್ಯಾಹ್ನ ಮತ್ತೊಂದು. ಬದಲಾಗದೆ ಉಳಿಯುವ ಲೆಕ್ಕ ಒಂದೇ, ಒಂದೇ ಥರ ಹೊಡೆದಾಗ ಯಾವ ಬಾಲ್ ಒಂದರ ಹತ್ತಿರ ಒಂದು ಬಂದು ಬೀಳ್ತದೆ ಅನ್ನೋದು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೇನೆ, ಪುರುಸೊತ್ತು ಇದ್ರೆ ಓದಿ.

ಮೊದಲು ನಿಯಮದ ವಿಷಯ, ಯಾಕಂದ್ರೆ ಅರ್ಧ ಚರ್ಚೆ ಅಲ್ಲೇ ಮುಗೀತದೆ. ಗಾಲ್ಫ್ ನಿಯಮ ನೋಡಿಕೊಳ್ಳುವ ಎರಡು ಸಂಸ್ಥೆಗಳು, ಬ್ರಿಟನ್‌ನ ಆರ್ ಅಂಡ್ ಎ ಮತ್ತೆ ಅಮೆರಿಕದ ಯುಎಸ್‌ಜಿಎ, ಸೇರಿ ಇಟ್ಟ ನಿಯಮದ ಪ್ರಕಾರ ಬಾಲ್ 45.93 ಗ್ರಾಂಗಿಂತ ಭಾರ ಇರಬಾರ್ದು, ವ್ಯಾಸ 42.67 ಮಿಲಿಮೀಟರ್‌ಗಿಂತ ಕಮ್ಮಿ ಇರಬಾರ್ದು. ಭಾರ ಹೆಚ್ಚಾಗಬಾರ್ದು, ಗಾತ್ರ ಕಮ್ಮಿಯಾಗಬಾರ್ದು, ಹೀಗ್ಯಾಕೆ ಅಂದ್ರೆ ಸಣ್ಣಗಿದ್ದು ಭಾರ ಇರುವ ಬಾಲ್ ಗಾಳಿಯನ್ನ ಸುಲಭದಲ್ಲಿ ಸೀಳಿಕೊಂಡು ಹೋಗ್ತದೆ. ಬ್ರಿಟನ್‌ನಲ್ಲಿ ತುಂಬಾ ಕಾಲ 1.62 ಇಂಚಿನ ಸಣ್ಣ ಬಾಲ್ ನಡೀತಿತ್ತು, ಅಮೆರಿಕದ್ದು 1.68 ಇಂಚು, ಕೊನೆಗೆ 1990ರಲ್ಲಿ ಆ ಸಣ್ಣ ಬಾಲ್‌ಗೆ ಪೂರ್ತಿ ಮಂಗಳ ಹಾಡಿದ್ರು. ಇದರ ಮೇಲೆ ದೂರಕ್ಕೂ ಒಂದು ಗಡಿ ಉಂಟು. 1976ರಲ್ಲಿ ಶುರುವಾದ ಆ ಟೆಸ್ಟನ್ನ 2004ರಲ್ಲಿ ಬದಲಾಯಿಸಿ, ಗಂಟೆಗೆ 120 ಮೈಲಿ ವೇಗದಲ್ಲಿ ಮೆಷಿನ್ ಹೊಡೆದ್ರೆ ಬಾಲ್ 317 ಯಾರ್ಡ್ ದಾಟಬಾರ್ದು ಅಂತ ಮಾಡಿದ್ರು, ಮೇಲಿಂದ 3 ಯಾರ್ಡ್ ರಿಯಾಯಿತಿ. ಅಂದ್ರೆ ಎಂತ ಆಯ್ತು, ಹೆಸರಿರುವ ಕಂಪನಿಯ ಒಳ್ಳೆ ಬಾಲ್ ಎಲ್ಲ ಆ ಗಡಿಯ ಪಕ್ಕದಲ್ಲೇ ಬಂದು ನಿಂತಿವೆ, ಒಂದು ಬಾಲ್ ಇನ್ನೊಂದಕ್ಕಿಂತ 30 ಯಾರ್ಡ್ ಮುಂದೆ ಹೋಗ್ಲಿಕ್ಕೆ ನಿಯಮದಲ್ಲಿ ಜಾಗವೇ ಇಲ್ಲ. ಯಾರಾದ್ರೂ "ಈ ಬಾಲ್‌ಗೆ ಬದಲಾಯಿಸಿದ ಮೇಲೆ 25 ಯಾರ್ಡ್ ಹೆಚ್ಚಾಯ್ತು" ಅಂದ್ರೆ ಆ ದಿನದ ಗಾಳಿ, ನೆಲ, ಡ್ರೈವರ್‌ನ ಫೇಸ್‌ಗೆ (ಬಾಲ್‌ಗೆ ತಾಗುವ ಚಪ್ಪಟೆ ಮುಖಕ್ಕೆ) ಬಾಲ್ ತಾಗಿದ ಜಾಗ, ಈ ಮೂರನ್ನ ಮೊದಲು ವಿಚಾರಿಸ್ಬೇಕು.

ಹಾಗಾದ್ರೆ ಬಾಲ್‌ಗಳ ನಡುವೆ ವ್ಯತ್ಯಾಸವೇ ಇಲ್ವಾ? ಉಂಟು. ಅದು ಗೊತ್ತಾಗ್ಲಿಕ್ಕೆ ಒಳಗೆ ನೋಡ್ಬೇಕು.

ನಮ್ಮ ಹಿರಿಯರ ಮನೆ ಬೆಳ್ತಂಗಡಿ ಕಡೆ, ಅಲ್ಲಿ ಸ್ವಲ್ಪ ರಬ್ಬರ್ ಉಂಟು, ಹಾಗಾಗಿ ರಬ್ಬರ್ ಅಂದ್ರೆ ನನಗೆ ಚಿಕ್ಕಂದಿನಿಂದ ಗೊತ್ತಿರುವ ವಸ್ತು. ನಸುಕಿಗೆ ಟ್ಯಾಪಿಂಗ್ ಮಾಡಿ ತಂದ ಹಾಲನ್ನ ಟ್ರೇಗೆ ಹೊಯ್ದು, ಫಾರ್ಮಿಕ್ ಆಸಿಡ್ ಬೆರೆಸಿ, ಗಟ್ಟಿಯಾದ ಮೇಲೆ ಮೆಷಿನ್‌ಗೆ ಕೊಟ್ಟು ಶೀಟ್ ತೆಗೆದು ಹೊಗೆಮನೆಯಲ್ಲಿ ಒಣಗಿಸೋದು. ಮಕ್ಕಳಾಗಿದ್ದಾಗ ಒಂದು ಆಟ ಇತ್ತು, ರಬ್ಬರ್ ಪಟ್ಟಿಯನ್ನ ಫಕ್ಕನೆ ಎಳೆದು ತುಟಿಗೆ ಮುಟ್ಟಿಸಿದ್ರೆ ಬಿಸಿ ಗೊತ್ತಾಗ್ತದೆ, ಬಿಟ್ಟು ಮುಟ್ಟಿಸಿದ್ರೆ ತಣ್ಣಗೆ. ಎಳೆದು ಬಿಡುವಾಗ ನಾವು ಕೊಟ್ಟ ಶಕ್ತಿ ಪೂರ್ತಿ ವಾಪಸ್ ಬರೋದಿಲ್ಲ, ಸ್ವಲ್ಪ ಒಳಗೇ ಬಿಸಿಯಾಗಿ ಉಳೀತದೆ, ಹೆಚ್ಚು ಎಳೆದಷ್ಟು ನಷ್ಟವೂ ಹೆಚ್ಚು. ಗಾಲ್ಫ್ ಬಾಲ್‌ನ ಕತೆ ಪೂರ್ತಿ ಇದರ ಮೇಲೆ ನಿಂತಿದೆ. ಡ್ರೈವರ್ ಫೇಸ್ ಮತ್ತೆ ಬಾಲ್ ಒಂದಕ್ಕೊಂದು ತಾಗಿಕೊಂಡು ಇರೋದು ಹೆಚ್ಚು ಕಮ್ಮಿ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಹೊತ್ತು, ಅಷ್ಟರಲ್ಲಿ ಬಾಲ್ ಒಂದು ಬದಿ ಚಪ್ಪಟೆಯಾಗಿ ಮತ್ತೆ ಉರುಟಾಗಿ ಹೊರಟು ಹೋಗಿರ್ತದೆ. ಹೆಚ್ಚು ಚಪ್ಪಟೆಯಾಗುವ ಬಾಲ್ ಒಳಗೆ ಹೆಚ್ಚು ಶಕ್ತಿ ಕಳ್ಕೊಳ್ತದೆ.

ರಜೆಯಲ್ಲಿ ದುಬೈಯಿಂದ ಬಂದಿದ್ದ ಭಾವ ಒಂದು ಸಣ್ಣ ಲಾಂಚ್ ಮಾನಿಟರ್ (ಹೊಡೆದ ಬಾಲ್‌ನ ವೇಗ ಎಲ್ಲ ಅಳೆಯುವ ಮೆಷಿನ್) ತಂದಿದ್ರು, ಜೊತೆಗೆ ಬ್ಯಾಗ್ ತುಂಬಾ ಬೇರೆ ಬೇರೆ ಬಾಲ್. ಹೊಡೆಯುವ ಮೊದಲು ಒಂದೊಂದು ಕೊಯ್ಯುವ ಅಂತ ನಾನು ಹೇಳಿದ್ದಕ್ಕೆ "ಎಂತ ಭಾವ, ಅಲ್ಲಿಂದ ಹೊತ್ಕೊಂಡು ಬಂದದ್ದು ಕೊಯ್ಲಿಕ್ಕಾ?" ಅಂತ ಕೇಳಿದ್ರು, ಆದ್ರೆ ಬೆಂಚ್ ವೈಸ್‌ಗೆ ಬಾಲ್ ಕಚ್ಚಿಸಿ ಹ್ಯಾಕ್ಸಾ ಎಳೀಲಿಕ್ಕೆ ಶುರು ಮಾಡಿದ ಮೇಲೆ ಅವರೇ ಹೆಚ್ಚು ಹತ್ರ ಬಂದು ನಿಂತದ್ದು. ಎರಡು ಪೀಸಿನ ಬಾಲ್‌ನಲ್ಲಿ ಹೊರಗಡೆ ಅಯೊನೊಮರ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ನ ಸಿಪ್ಪೆ, ಅದರೊಳಗೆ ದೊಡ್ಡದೊಂದು ರಬ್ಬರ್ ಗುಂಡು, ಬೇರೆ ಎಂತದೂ ಇಲ್ಲ. ಟೈಟ್ಲಿಸ್ಟ್ ಕಂಪನಿಯ ಪ್ರೊ ವಿ1 ಥರದ ಮೂರು ಪೀಸಿನದ್ದರಲ್ಲಿ ಹೊರಗಿನ ಯುರೆಥೇನ್ ಸಿಪ್ಪೆ ಎಷ್ಟು ತೆಳು ಅಂದ್ರೆ ಉಗುರಿನಲ್ಲಿ ಒತ್ತಿದ್ರೆ ಗುರುತು ಬೀಳ್ತದೆ, ಅದರ ಕೆಳಗೆ ಇನ್ನೊಂದು ಗಟ್ಟಿ ಪದರ, ಆಮೇಲೆ ಗುಂಡು. ಪ್ರೊ ವಿ1ಎಕ್ಸ್‌ನಲ್ಲಿ ಆ ಗುಂಡೇ ಎರಡು, ಒಂದರೊಳಗೆ ಒಂದು. ಒಂದು ಬಾಲ್‌ನ ಗುಂಡು ಹಳದಿ, ಇನ್ನೊಂದರದ್ದು ನೀಲಿ, ಗರಗಸದ ಹಲ್ಲಿಗೆ ಮೆತ್ತಿಕೊಂಡ ಪುಡಿ ಬಿಸಿಯಾಗಿ ಅಂಟಂಟು. ಈ ಗುಂಡು ಮರದ ರಬ್ಬರ್ ಅಲ್ಲ, ಪಾಲಿಬ್ಯುಟಡೈಯೀನ್ ಅನ್ನೋ ಕೃತಕ ರಬ್ಬರ್, ಪುಟಿಯುವ ಗುಣದಲ್ಲಿ ಅದನ್ನ ಮೀರಿಸೋದು ಕಷ್ಟ. (ನೀವೂ ಕೊಯ್ದು ನೋಡ್ತೀರಿ ಅಂತಾದ್ರೆ ಒಂದು ಮಾತು, ಹಳೇ ಕಾಲದ ನೂಲು ಸುತ್ತಿದ ಬಾಲ್ ಸಿಕ್ಕಿದ್ರೆ ಅದನ್ನ ಮಾತ್ರ ಮುಟ್ಟಬೇಡಿ, ಕೆಲವದರ ಮಧ್ಯದಲ್ಲಿ ಒತ್ತಡದಲ್ಲಿರುವ ದ್ರವ ಇರ್ತದೆ, ಕಣ್ಣಿಗೆ ಚಿಮ್ಮಿದ್ರೆ ಅಪಾಯ.)

ಮರದ ಹಾಲಿಗೂ ಈ ಬಾಲ್‌ಗೂ ಇರುವ ಸಂಬಂಧ ಹಳೇದು. 1848ರ ಹೊತ್ತಿಗೆ ಬಂದ ಗಟ್ಟಾ ಪರ್ಚಾ ಬಾಲ್ ಮಲಯ ಕಡೆಯ ಪಲಾಕ್ವಿಯಂ ಮರದ ಹಾಲಿಂದ ಮಾಡಿದ್ದು, ನಮ್ಮ ಪಶ್ಚಿಮ ಘಟ್ಟದ ಹಡಸಲೆ ಮರವೂ ಅದೇ ಪಲಾಕ್ವಿಯಂ ಕುಲದ್ದು ಅಂತ ಗೊತ್ತಾದಾಗ ನನಗೆ ತುಂಬಾ ಖುಷಿಯಾಗಿತ್ತು. ಅದಕ್ಕಿಂತ ಮೊದಲು ಚರ್ಮದ ಚೀಲಕ್ಕೆ ಪುಕ್ಕ ತುಂಬಿಸಿ ಹೊಲಿದ ಬಾಲ್, ಮಳೆಗೆ ನೆನೆದ್ರೆ ಹಾಳು. 1898ರಲ್ಲಿ ಅಮೆರಿಕದ ಓಹಾಯೊದಲ್ಲಿ ಕೊಬರ್ನ್ ಹ್ಯಾಸ್ಕೆಲ್ ರಬ್ಬರ್ ಗುಂಡಿಗೆ ರಬ್ಬರ್ ನೂಲನ್ನೇ ಬಿಗಿಯಾಗಿ ಎಳೆದು ಸುತ್ತುವ ಉಪಾಯ ಕಂಡುಹಿಡಿದ ಮೇಲೆ ಟೀಯಿಂದ ಹೋಗುವ ದೂರ ಒಮ್ಮೆಲೇ ಏರಿತು. ಆಮೇಲೆ 1972ರಲ್ಲಿ ಸ್ಪಾಲ್ಡಿಂಗ್‌ನವರ ಎರಡು ಪೀಸಿನ ಬಾಲ್, 2000ದಲ್ಲಿ ಟೈಟ್ಲಿಸ್ಟ್‌ನ ಪ್ರೊ ವಿ1. ಆ ವರ್ಷ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನ ಟೂರ್ನಮೆಂಟಿಗೆ ಅದು ಬಂದ ವಾರವೇ ನಲವತ್ತಕ್ಕೂ ಹೆಚ್ಚು ಆಟಗಾರರು ತಮ್ಮ ಹಳೇ ಬಾಲ್ ಬಿಟ್ಟು ಅದನ್ನ ಹಿಡಿದ್ರು, ಯಾಕಂದ್ರೆ ನೂಲು ಸುತ್ತಿದ ಬಾಲ್ ಗ್ರೀನ್ (ಕುಳಿ ಇರುವ ನುಣ್ಣಗಿನ ಹುಲ್ಲಿನ ಜಾಗ) ಹತ್ರ ಚೆಂದ ನಿಲ್ತಿತ್ತು ಹೌದು, ಡ್ರೈವರ್‌ಗೆ ಮಾತ್ರ ಸ್ಪಿನ್, ಅಂದ್ರೆ ಬಾಲ್ ಹಿಂದಕ್ಕೆ ತಿರುಗೋದು, ಜಾಸ್ತಿಯಾಗಿ ಮೇಲೆ ಏರಿ ಅಲ್ಲೇ ಬೀಳ್ತಿತ್ತು, ಹೊಸದ್ದು ಎರಡೂ ಕಡೆ ಸರಿಯಾಗಿ ನಡ್ಕೊಳ್ತಿತ್ತು.

ಈಗ ಮೆತ್ತಗಿನ ಬಾಲ್, ಗಟ್ಟಿ ಬಾಲ್ ವಿಷಯಕ್ಕೆ ಬರುವ. ಇದಕ್ಕೆ ಕಂಪ್ರೆಷನ್ ಅಂತ ಒಂದು ನಂಬರ್ ಉಂಟು, ಅದು ಕಮ್ಮಿಯಾದಷ್ಟು ಬಾಲ್ ಮೆತ್ತಗೆ, ಕ್ಯಾಲವೇ ಸೂಪರ್‌ಸಾಫ್ಟ್ 40ರ ಆಸುಪಾಸು, ಸ್ರಿಕ್ಸನ್ ಸಾಫ್ಟ್ ಫೀಲ್ 60ರ ಆಸುಪಾಸು, ಪ್ರೊ ವಿ1 90ರ ಹತ್ರ, ಪ್ರೊ ವಿ1ಎಕ್ಸ್ ಇನ್ನೂ ಮೇಲೆ. ನಿಧಾನ ಬೀಸುವವರಿಗೆ ಮೆತ್ತಗಿನ ಬಾಲ್ ಒಳ್ಳೇದು, ಗಟ್ಟಿ ಬಾಲನ್ನ ಅವರಿಗೆ "ಕಂಪ್ರೆಸ್" ಮಾಡ್ಲಿಕ್ಕೆ ಆಗೋದಿಲ್ಲ, ಅದಕ್ಕೇ ದೂರ ಹೋಗೋದಿಲ್ಲ ಅಂತ ಹೇಳುವವರು ಎಲ್ಲ ಕಡೆ ಇದ್ದಾರೆ. ಈ ಮಾತು ಸರಿಯಲ್ಲ. ಕಂಪ್ರೆಸ್ ಆಗೋದು ಶಕ್ತಿ ಕಳೆದುಕೊಳ್ಳುವ ದಾರಿ ಅಂತ ಆಗಲೇ ಹೇಳಿದೆನಲ್ಲ, ನಿಧಾನ ಬೀಸಿದ್ರೂ ಜೋರು ಬೀಸಿದ್ರೂ ಗಟ್ಟಿ ಬಾಲ್ ಸ್ವಲ್ಪ ಹೆಚ್ಚು ವೇಗದಲ್ಲೇ ಹೊರಡ್ತದೆ. ನಿಧಾನ ಬೀಸುವವರಲ್ಲಿ ಆ ವ್ಯತ್ಯಾಸ ಕಮ್ಮಿಯಾಗ್ತದೆ, ಉಲ್ಟಾ ಅಂತೂ ಆಗೋದಿಲ್ಲ. ಭಾವನ ಮೆಷಿನ್‌ನಲ್ಲೂ ಅದೇ ಕಂಡದ್ದು. ಭಾವ ನನಗಿಂತ ಜೋರು ಬೀಸ್ತಾರೆ, ಅವರ ನಂಬರಲ್ಲಿ ಅತಿ ಮೆತ್ತಗಿನ ಬಾಲ್ ಹಿಂದೆ ಬಿದ್ದದ್ದು ಎದ್ದು ಕಾಣ್ತಿತ್ತು, ನನ್ನದರಲ್ಲಿ ಹುಡುಕಿದ್ರೆ ಮಾತ್ರ ಕಾಣುವಷ್ಟು. ಬಾಲ್‌ನ ವೇಗ ಗಂಟೆಗೆ 1 ಮೈಲಿ ಹೆಚ್ಚಾದ್ರೆ ದೂರ ಸುಮಾರು 2 ಯಾರ್ಡ್ ಹೆಚ್ಚಾಗ್ತದೆ ಅಂತ ಒಂದು ಅಂದಾಜು ಲೆಕ್ಕ ಉಂಟು, ಆ ಲೆಕ್ಕದಲ್ಲಿ 90 ಮೈಲಿ ಆಸುಪಾಸು ಬೀಸುವ ನಮ್ಮಂಥವರಿಗೆ ಕಂಪ್ರೆಷನ್‌ನಿಂದ ಆಗುವ ಲಾಭ ನಷ್ಟ ಕೆಲವೇ ಯಾರ್ಡ್. ಮೆತ್ತಗಿನ ಬಾಲ್ ಹೊಡೆದಾಗ ಕೈಗೆ ಹಿತ ಅಂತ ತಗೊಳ್ಳುವವರು ಧಾರಾಳ ತಗೊಳ್ಲಿ, ಅದು ಒಳ್ಳೆ ಕಾರಣವೇ, ದೂರಕ್ಕೆ ಅಂತ ತಗೊಳ್ಳುವ ಅಗತ್ಯ ಇಲ್ಲ.

ಸ್ಪಿನ್ ವಿಷಯ ಇದಕ್ಕಿಂತ ಸೂಕ್ಷ್ಮ, ನನಗೆ ಅದೇ ಹೆಚ್ಚು ಇಷ್ಟ. 1890ರ ದಶಕದಲ್ಲಿ ಎಡಿನ್‌ಬರಾದಲ್ಲಿ ಪೀಟರ್ ಗಥ್ರಿ ಟೇಟ್ ಅಂತ ಭೌತಶಾಸ್ತ್ರದ ಪ್ರೊಫೆಸರ್ ಇದ್ರು, ಅವರ ಮಗ ಫ್ರೆಡ್ಡಿ ದೊಡ್ಡ ಗಾಲ್ಫರ್, ಎರಡು ಸಲ ಬ್ರಿಟಿಷ್ ಅಮೆಚೂರ್ ಗೆದ್ದವ. ಈ ಪ್ರೊಫೆಸರ್ ಬಾಲ್‌ಗೆ ಒಂದು ಉದ್ದ ಟೇಪ್ ಅಂಟಿಸಿ ಹೊಡೆಸಿ, ಆಮೇಲೆ ಟೇಪಿನಲ್ಲಿ ಎಷ್ಟು ಸುತ್ತು ಬಿದ್ದಿದೆ ಅಂತ ಎಣಿಸಿ, ಚೆನ್ನಾಗಿ ಹೊಡೆದ ಬಾಲ್ ಹಿಂದಕ್ಕೆ ತಿರುಗ್ತಾ ಹೋಗ್ತದೆ, ಆ ಹಿಂಸುತ್ತೇ ಅದನ್ನ ಗಾಳಿಯಲ್ಲಿ ಎತ್ತಿ ಹಿಡೀತದೆ ಅಂತ ತೋರಿಸಿಕೊಟ್ರು. ಮೇಲಿರುವ ಗುಳಿಗಳು, ಡಿಂಪಲ್ ಅಂತೀವಲ್ಲ, ಅವೂ ಬಂದದ್ದು ಅನುಭವದಿಂದ. ಹೊಡೆದು ಹೊಡೆದು ಗೀರು ಬಿದ್ದ ಹಳೇ ಗಟ್ಟಾ ಬಾಲ್ ಹೊಸ ನುಣ್ಣಗಿನ ಬಾಲ್‌ಗಿಂತ ಚೆಂದ ಹಾರ್ತದೆ ಅಂತ ಆಡುವವರು ಗಮನಿಸಿದ್ರು, 1905ರಲ್ಲಿ ಇಂಗ್ಲೆಂಡ್‌ನ ವಿಲಿಯಂ ಟೇಲರ್ ಡಿಂಪಲ್‌ಗೆ ಪೇಟೆಂಟ್ ತಗೊಂಡ್ರು. ಡಿಂಪಲ್ ಇದ್ರೆ ಬಾಲ್‌ಗೆ ಅಂಟಿಕೊಂಡು ಹೋಗುವ ಗಾಳಿ ಸಣ್ಣಗೆ ಕಲಕಿ ಹಿಂದಿನ ತನಕ ಅಂಟಿಕೊಂಡೇ ಇರ್ತದೆ, ಬಾಲ್‌ನ ಹಿಂದೆ ಎಳೆಯುವ ಸುಳಿ ಚಿಕ್ಕದಾಗ್ತದೆ. ಡಿಂಪಲ್ ಇಲ್ಲದ ನುಣ್ಣಗಿನ ಬಾಲ್ ಅದೇ ಏಟಿಗೆ ಹೆಚ್ಚುಕಮ್ಮಿ ಅರ್ಧ ದೂರ ಮಾತ್ರ ಹೋಗ್ತದೆ. ಈಗಿನ ಪ್ರೊ ವಿ1ನಲ್ಲಿ 388 ಡಿಂಪಲ್, ಪ್ರೊ ವಿ1ಎಕ್ಸ್‌ನಲ್ಲಿ 348, ಬೆರಳು ಸವರಿದ್ರೆ ಗೊತ್ತಾಗುವ ಆಳ ಕಾಲು ಮಿಲಿಮೀಟರ್‌ನಷ್ಟು, ಅಷ್ಟರಲ್ಲಿ ಬಾಲ್ ಎತ್ತರ ಹೋಗ್ಬೇಕಾ ತಗ್ಗಿ ಹೋಗ್ಬೇಕಾ ಅಂತ ತೀರ್ಮಾನ ಆಗ್ತದೆ. 1970ರ ದಶಕದಲ್ಲಿ ಪೊಲಾರಾ ಅಂತ ಒಂದು ಬಾಲ್ ಬಂದಿತ್ತು, ಡಿಂಪಲನ್ನ ಒಂದು ಪಟ್ಟಿಯಲ್ಲಿ ಒಂದು ಥರ ಉಳಿದ ಕಡೆ ಇನ್ನೊಂದು ಥರ ಇಟ್ಟು, ಸ್ಲೈಸ್ (ಬದಿಗೆ ಬಾಗಿ ಹೋಗುವ ಏಟು) ಹೊಡೆದ್ರೂ ನೇರ ಹೋಗುವ ಹಾಗೆ ಮಾಡಿದ್ದು. ಅದು ಬಂದ ಮೇಲೆ ಬಾಲ್ ಎಲ್ಲ ಬದಿಗೂ ಒಂದೇ ಥರ ಹಾರ್ಬೇಕು ಅಂತ ನಿಯಮವೇ ಆಯ್ತು.

ಟೀ ಶಾಟ್‌ನಲ್ಲಿ ಬಾಲ್‌ನಿಂದ ಬಾಲ್‌ಗೆ ಸ್ಪಿನ್ ವ್ಯತ್ಯಾಸ ಕೆಲವು ನೂರು ಸುತ್ತು, ನಿಮಿಷಕ್ಕೆ. ಅದೇ ವೆಜ್ (ಗ್ರೀನ್ ಹತ್ರ ಬಾಲ್ ಎತ್ತಿ ಹೊಡೆಯುವ ಕೋಲು) ಹಿಡಿದ್ರೆ ಯುರೆಥೇನ್ ಸಿಪ್ಪೆಗೂ ಅಯೊನೊಮರ್ ಸಿಪ್ಪೆಗೂ ವ್ಯತ್ಯಾಸ ಸಾವಿರಗಟ್ಟಲೆ. ಯಾಕಂದ್ರೆ ಡ್ರೈವರ್ ಫೇಸ್ ಹೆಚ್ಚು ಕಮ್ಮಿ ನೆಟ್ಟಗೆ ಇರ್ತದೆ, ಏಟು ಸೀದಾ ಗುಂಡಿಗೆ ಬೀಳ್ತದೆ, ಸಿಪ್ಪೆಗೆ ಅಲ್ಲಿ ಹೆಚ್ಚು ಕೆಲಸ ಇಲ್ಲ, ವೆಜ್‌ನಲ್ಲಿ ಫೇಸ್ ಓರೆಯಾಗಿ ಸಿಪ್ಪೆಯನ್ನ ಹಿಡಿದು ತಿರುಗಿಸ್ತದೆ. ಹಾಗಾಗಿ ಟೀಯಲ್ಲಿ ನಿಂತು ಬಾಲ್ ಆರಿಸೋದಕ್ಕಿಂತ ಗ್ರೀನ್‌ನಲ್ಲಿ ನಿಂತು ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಬರೋದು ಒಳ್ಳೇದು ಅಂತ ನನ್ನ ಅಭಿಪ್ರಾಯ, ಮೊದಲು ಚಿಪ್, ಪಿಚ್, ಪಟ್ (ಗ್ರೀನ್ ಹತ್ರದ, ಗ್ರೀನ್ ಮೇಲಿನ ಸಣ್ಣ ಏಟುಗಳು) ಎಲ್ಲ ಸರಿ ಕೂತ ಬಾಲ್ ಯಾವುದು ನೋಡಿ, ಆಮೇಲೆ ಡ್ರೈವರ್‌ಗೆ ಅದು ತೊಂದರೆ ಕೊಡ್ತದಾ ಅಂತ ನೋಡಿ.

ಇನ್ನು ನಮ್ಮೂರಿನ ಗಾಳಿ. ವಾಮಂಜೂರು ದಾಟಿ ಪಿಲಿಕುಳದ ಗಾಲ್ಫ್ ಕೋರ್ಸ್‌ಗೆ ಬೆಳಿಗ್ಗೆ ಬೇಗ ಹೋದ್ರೆ ಗಾಳಿ ಇದ್ರೂ ಇಲ್ಲದ ಹಾಗೆ, ಇದ್ದರೆ ಘಟ್ಟದ ಕಡೆಯಿಂದ ಮೆಲ್ಲ ಬರ್ತದೆ, ನವಿಲು ಕೂಗೋದು ಬಿಟ್ರೆ ಬೇರೆ ಸದ್ದಿಲ್ಲ. ಹನ್ನೊಂದು ಹನ್ನೆರಡು ಗಂಟೆಗೆ ನೆಲ ಕಾದ ಮೇಲೆ ಪಡುವಣದ ಕಡಲ ಗಾಳಿ ಶುರು, ಫೆಬ್ರವರಿಯಿಂದ ಏಪ್ರಿಲ್ ತನಕ ಅದು ಜೋರು. ಎದುರು ಗಾಳಿ ಕಿತ್ತುಕೊಳ್ಳುವಷ್ಟು ಹಿಂದಿನ ಗಾಳಿ ಕೊಡೋದಿಲ್ಲ, ಇದನ್ನ ಕಡಲ ಬದಿಯಲ್ಲಿ ಆಡುವವರು ಚೆನ್ನಾಗಿ ನೆನಪಿಟ್ಟುಕೊಳ್ಬೇಕು. ಎದುರು ಗಾಳಿಗೆ ಸ್ಪಿನ್ ಹೆಚ್ಚಿರುವ ಬಾಲ್ ಹೊಡೆದ್ರೆ ಅದು ಮುಂದೆ ಹೋಗೋದು ಬಿಟ್ಟು ಮೇಲೆ ಮೇಲೆ ಏರಿ, ಒಂದು ಕ್ಷಣ ನಿಂತ ಹಾಗೆ ಕಂಡು, ಸೀದಾ ಕೆಳಗೆ ಬೀಳ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮುಂದೆ ಇದ್ದ ಬಾಲ್ ಮಧ್ಯಾಹ್ನ ಹಿಂದೆ ಬಿದ್ದದ್ದನ್ನ ನಾನು ನೋಡಿದ್ದೇನೆ, ಬಾಲ್ ಅದೇ, ಹೊಡೆದವರೂ ಅದೇ.

ಮಳೆಗಾಲದಲ್ಲಿ ಲೆಕ್ಕ ಮತ್ತೆ ತಿರುಗ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನೆಲ ನೀರು ಕುಡಿದು ಮೆತ್ತಗಿರ್ತದೆ, ಬಿದ್ದ ಬಾಲ್ ಬಿದ್ದಲ್ಲೇ, ಒಮ್ಮೊಮ್ಮೆ ಅರ್ಧ ಒಳಗೆ ಹೂತು ಹೋಗ್ತದೆ, ಉರುಳೋದು ಅಂತ ಒಂದು ಇಲ್ಲವೇ ಇಲ್ಲ. ಆಗ ಗಾಳಿಯಲ್ಲಿ ಹೋದಷ್ಟೇ ದೂರ, ಅಂದ್ರೆ ಕ್ಯಾರಿ ಮಾತ್ರ. ಸ್ವಲ್ಪ ಹೆಚ್ಚು ಎತ್ತರ, ಸ್ವಲ್ಪ ಹೆಚ್ಚು ಸ್ಪಿನ್ ಇರುವ ಬಾಲ್ ಆಗ ಗೆಲ್ತದೆ. ಮಾರ್ಚ್‌ನಲ್ಲಿ ಕೆಂಪುಕಲ್ಲಿನ ನೆಲ ಕಾದು ಗಟ್ಟಿಯಾಗಿ ಹುಲ್ಲು ಒಣಗಿರುವಾಗ ತಗ್ಗಿ ಹಾರುವ, ಸ್ಪಿನ್ ಕಮ್ಮಿ ಇರುವ ಬಾಲ್ ಬಿದ್ದ ಮೇಲೂ ಓಡ್ತದೆ. ಸ್ಪಿನ್ ಕಮ್ಮಿ ಇದ್ರೆ ಯಾವಾಗಲೂ ದೂರ ಅಂತ ತಿಳ್ಕೊಂಡ ಹಿರಿಯರು ಇದ್ದಾರೆ, ಅವರಿಗೆ ಇದನ್ನ ಒತ್ತಿ ಹೇಳ್ತೇನೆ ಮಾರಾಯ್ರೆ, ನಿಧಾನ ಬೀಸುವವರ ಬಾಲ್‌ಗೆ ವೇಗ ಕಮ್ಮಿ ಇರೋದ್ರಿಂದ ಎತ್ತಿ ಹಿಡೀಲಿಕ್ಕೆ ಸ್ಪಿನ್ ಬೇಕೇ ಬೇಕು, ತೀರಾ ಕಮ್ಮಿ ಮಾಡಿದ್ರೆ ಅದು ಹಾರುವ ಮೊದಲೇ ಇಳೀತದೆ. ಟೂರ್ ಆಟಗಾರರು 113, 115 ಮೈಲಿ ವೇಗದಲ್ಲಿ ಬೀಸ್ತಾರೆ, ಅವರ ನಂಬರ್ ನಮಗೆ ಆಗೋದಿಲ್ಲ.

ಸೆಕೆ ಬಗ್ಗೆಯೂ ಒಂದು ಮಾತು. "ಇವತ್ತು ಗಾಳಿ ಭಾರ, ಬಾಲ್ ಹೋಗೋದಿಲ್ಲ" ಅಂತ ಸೆಕೆ ಇರುವ ದಿನ ಎಲ್ಲರೂ ಹೇಳ್ತಾರೆ, ನಮ್ಮ ಬ್ಯಾಗ್ ಹೊರುವ ಕ್ಯಾಡಿ ಅಣ್ಣನೂ ಹೇಳ್ತಾರೆ. ನೀರಿನ ಆವಿ ಒಣ ಗಾಳಿಗಿಂತ ಹಗುರ, ಹಾಗಾಗಿ ತೇವ ತುಂಬಿದ ಗಾಳಿ ನಿಜಕ್ಕೂ ಒಂಚೂರು ಹಗುರವೇ, ಬಾಲ್‌ಗೆ ಅದ್ರಿಂದ ನಷ್ಟ ಇಲ್ಲ, ಲಾಭವೂ ಹೇಳುವಷ್ಟಿಲ್ಲ. ಸೆಕೆಯಲ್ಲಿ ಕೈ ಬೆವರಿ ಗ್ರಿಪ್ ಜಾರೋದು, ಆಯಾಸ ಆಗೋದು, ಅದ್ರಿಂದ ದೂರ ಕಮ್ಮಿಯಾಗಿರ್ತದೆ. ಬಿಸಿಲಿನ ಬಿಸಿ ಅಂತೂ ಒಳ್ಳೇದೇ ಮಾಡ್ತದೆ, ಬಿಸಿ ಗಾಳಿ ತೆಳು, ಬೆಚ್ಚಗಿನ ರಬ್ಬರ್ ಚೆನ್ನಾಗಿ ಪುಟೀತದೆ. ಹಾಗಂತ ಬೇಕಂತಲೇ ಬಾಲ್ ಬಿಸಿ ಮಾಡಿಕೊಂಡು ಆಡ್ಲಿಕ್ಕೆ ನಿಯಮ ಬಿಡೋದಿಲ್ಲ.

ಬೆಂಗಳೂರಿಗೋ ಚಿಕ್ಕಮಗಳೂರಿಗೋ ಹೋಗಿ ಆಡಿ ಬಂದವರು "ಅಲ್ಲಿ ನನ್ನ ಹೊಸ ಬಾಲ್ ಎಷ್ಟು ಚೆಂದ ಹೋಯ್ತು ಗೊತ್ತುಂಟಾ" ಅಂತ ಹೇಳೋದು ಕೇಳಿದ್ದೇನೆ. ಅಲ್ಲಿ ಎತ್ತರ ಕೆಲಸ ಮಾಡ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ, ಗಾಳಿ ತೆಳು, ಶೇಕಡಾ 3ರಿಂದ 4ರಷ್ಟು ಹೆಚ್ಚು ದೂರ ಸಿಗ್ತದೆ, ಇಲ್ಲಿ 200 ಯಾರ್ಡ್ ಹೊಡೆಯುವವರಿಗೆ ಅಲ್ಲಿ 206ರಿಂದ 208. ಮೆತ್ತಗಿನ ಬಾಲ್ ಬಿಟ್ಟು ಗಟ್ಟಿ ಬಾಲ್‌ಗೆ ಹೋದ್ರೆ ಸಿಗೋದಕ್ಕಿಂತ ಇದು ಹೆಚ್ಚು.

ಹೋಲಿಸಿ ನೋಡ್ಬೇಕು ಅಂತ ಮನಸ್ಸಿದ್ದವರಿಗೆ ನಾವು ಮಾಡಿದ ಕ್ರಮ ಹೇಳ್ತೇನೆ. ರೇಂಜ್ ಬಾಲ್‌ನಲ್ಲಿ (ಅಭ್ಯಾಸದ ಜಾಗದಲ್ಲಿ ಕೊಡುವ ಬಾಲ್) ಮಾಡಬೇಡಿ, ಅದರ ಗುಣವೇ ಬೇರೆ. ಒಂದು ಕಂಪನಿಯದ್ದು ಪೂರ್ತಿ ಹೊಡೆದು ಆಮೇಲೆ ಇನ್ನೊಂದು ಅಂತ ಕೂಡ ಮಾಡಬೇಡಿ, ಮೊದಲಿನದ್ದು ಹೊಡೆಯುವಾಗ ಮೈ ಬಿಗಿ ಇರ್ತದೆ, ಎರಡನೇದಕ್ಕೆ ಸಡಿಲಾಗಿರ್ತದೆ, ಮೂರನೇದಕ್ಕೆ ಸುಸ್ತು. ಒಂದೊಂದೇ ಬದಲಾಯಿಸ್ತಾ ಹೊಡೀಬೇಕು, ಬಾಲ್ ಇಡುವ ಕೆಲಸ ಇನ್ನೊಬ್ಬರಿಗೆ ಕೊಟ್ಟು ಹೆಸರು ಕಾಣದ ಹಾಗೆ ತಿರುಗಿಸಿ ಇಡ್ಲಿಕ್ಕೆ ಹೇಳ್ಬೇಕು, ಟೀ ಎತ್ತರ ಪ್ರತಿ ಸಲ ಒಂದೇ ಇರ್ಬೇಕು, ಡ್ರೈವರ್ ನೆಲಕ್ಕೆ ಇಟ್ಟಾಗ ಬಾಲ್‌ನ ಅರ್ಧ ಅದರ ಮೇಲಂಚಿನಿಂದ ಮೇಲೆ ಕಾಣುವಷ್ಟು. ಮತ್ತೆ ಎಲ್ಲಕ್ಕಿಂತ ಮುಖ್ಯ, ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬಾಲ್ ಹಿಂಬದಿಗೆ ಒಂದು ದಪ್ಪ ಚುಕ್ಕೆ ಹಾಕಿ ಹೊಡೀರಿ. ಆ ಚುಕ್ಕೆಯ ಅಚ್ಚು ಡ್ರೈವರ್ ಫೇಸ್ ಮೇಲೆ ಬೀಳ್ತದೆ, ಎಲ್ಲಿ ತಾಗಿತು ಅಂತ ಕಣ್ಣಿಗೆ ಕಾಣ್ತದೆ, ಬಟ್ಟೆಯಲ್ಲಿ ಒರೆಸಿದ್ರೆ ಹೋಗ್ತದೆ.

ಆ ಅಚ್ಚು ನೋಡಿದ ಮೇಲೆ ಬಾಲ್ ಬಗ್ಗೆ ಇದ್ದ ನಮ್ಮ ಅಭಿಪ್ರಾಯ ತುಂಬಾ ಬದಲಾಯ್ತು. ನಡುವಿಂದ ಸ್ವಲ್ಪ ಕೆಳಗೆ ತಾಗಿದ್ರೆ ಬಾಲ್ ತಗ್ಗಿ ಹೊರಟು ಸ್ಪಿನ್ ಏರ್ತದೆ, ಸ್ವಲ್ಪ ಮೇಲೆ ತಾಗಿದ್ರೆ ಎತ್ತರ ಹೊರಟು ಸ್ಪಿನ್ ಇಳೀತದೆ. ಅರ್ಧ ಇಂಚು ಆಚೀಚೆ ಆದ್ರೆ ಸ್ಪಿನ್‌ನಲ್ಲಿ ಬರುವ ಬದಲಾವಣೆ ಒಂದು ಬಾಲ್‌ಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನ ನುಂಗಿ ಹಾಕ್ತದೆ, ವೇಗ ಹೋಗೋದು ಬೇರೆ. ತುದಿಗೆ ತಾಗಿದ್ದನ್ನ, ಬುಡಕ್ಕೆ ತಾಗಿದ್ದನ್ನ ಎಲ್ಲ ಬದಿಗಿಟ್ಟು, ನಡುವಿಗೆ ತಾಗಿದ್ದನ್ನ ಮಾತ್ರ ಲೆಕ್ಕಕ್ಕೆ ಹಿಡಿದಾಗ ಒಳ್ಳೆ ಬಾಲ್‌ಗಳೆಲ್ಲ ಒಂದೇ ಜಾಗಕ್ಕೆ ಬಂದು ಸೇರಿದ ಹಾಗೆ ಕಂಡಿತು. ಆಮೇಲೆ ಉಳಿದದ್ದು ಒಂದೇ ವ್ಯತ್ಯಾಸ, ಹರಡುವಿಕೆ. ಒಂದು ಅಗ್ಗದ ಬಾಲ್ ಇತ್ತು, ಆ ದಿನದ ಅತಿ ಉದ್ದದ ಶಾಟ್ ಅದರದ್ದೇ, ಆದ್ರೆ ಅದರ ಜೊತೆಗಾರ ಬಾಲ್‌ಗಳು ಫೇರ್‌ವೇ (ಟೀಯಿಂದ ಗ್ರೀನ್ ಕಡೆ ಹೋಗುವ ಹುಲ್ಲಿನ ದಾರಿ) ಉದ್ದಕ್ಕೂ ಚೆಲ್ಲಿಕೊಂಡಿದ್ವು, ಒಂದು ಮುಂದೆ ಒಂದು ತೀರಾ ಹಿಂದೆ. ಒಳಗಿನ ಗುಂಡು ಸರಿ ನಡುವಿಗೆ ಕೂತಿಲ್ಲದಿದ್ರೆ, ಸಿಪ್ಪೆಯ ದಪ್ಪ ಒಂದು ಬದಿ ಹೆಚ್ಚು ಒಂದು ಬದಿ ಕಮ್ಮಿ ಇದ್ರೆ ಹಾಗೆ ಆಗ್ತದೆ, ಅದೇ ಜಾತಿಯ ಇನ್ನೊಂದನ್ನ ಕೊಯ್ದು ಸ್ಕೇಲ್ ಹಿಡಿದು ನೋಡಿದ್ರೆ ಗುಂಡು ಒಂದು ಕಡೆ ವಾಲಿದ್ದು ಕಣ್ಣಿಗೇ ಕಾಣ್ತಿತ್ತು. "ಭಾವ, ಇದು ದೂರ ಹೋದದ್ದು ಅದರ ಖುಷಿಗೆ, ನಮ್ಮ ಖುಷಿಗಲ್ಲ" ಅಂದ್ರು ಭಾವ. ಅತಿ ಉದ್ದ ಹೋದ ಒಂದು ಶಾಟ್ ಎಲ್ಲರಿಗೂ ನೆನಪಿರ್ತದೆ, ಅದನ್ನೇ ಆ ಬಾಲ್‌ನ ಗುಣ ಅಂತ ನಂಬ್ತೇವೆ. ಸೆಕೆಂಡ್ ಶಾಟ್‌ಗೆ ಯಾವ ಐರನ್ (ಉಳಿದ ದೂರಕ್ಕೆ ತಕ್ಕ ಹಾಗೆ ಆರಿಸುವ ಕೋಲು) ಹಿಡೀಬೇಕು ಅಂತ ಮೊದಲೇ ಗೊತ್ತಿರೋದು ಎಷ್ಟು ದೊಡ್ಡ ಅನುಕೂಲ ಅಂತ ಆಡುವವರಿಗೆ ನಾನು ಹೇಳ್ಬೇಕಾಗಿಲ್ಲ.

2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥ ಆಗ್ತದೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೀಯಿಂದ ಹೊಡೆಯುವ ದೂರದಲ್ಲಿ ಅಲ್ಲಿದ್ದವರ ಪೈಕಿ ಹಿಂದಿನ ಸಾಲಿನವರು, ಜೊತೆಗೆ ಆಡುವವರು ಅವರ ಬಾಲ್ ದಾಟಿ ಎಷ್ಟೋ ಮುಂದೆ ಹೋಗಿ ನಿಲ್ತಿದ್ರು, ಆದ್ರೂ ಕೊನೆಯ ದಿನದ ಕೊನೆಯ ಹೋಲ್ ತನಕ ಪದಕದ ಸಾಲಲ್ಲಿ ಇದ್ದು ನಾಲ್ಕನೆಯವರಾದ್ರು, ಕಂಚಿಗೆ ಒಂದೇ ಸ್ಟ್ರೋಕ್ ಅಂತರ. ಗಾಲ್ಫ್ ಅಂದ್ರೆ ಎಂತ ಅಂತ ಗೊತ್ತಿಲ್ಲದ ನಮ್ಮ ಮನೆಯವರೂ ಆ ಶನಿವಾರ ಬೆಳಿಗ್ಗೆ ಟಿವಿ ಮುಂದೆ ಕೂತಿದ್ರು. ಅದಿತಿಯವರ ಬಾಲ್ ನೇರ ಹೋಗ್ತಿತ್ತು, ಎಷ್ಟು ದೂರ ಅಂತ ಅವರಿಗೆ ಗೊತ್ತಿರ್ತಿತ್ತು, ಗ್ರೀನ್ ಮೇಲೆ ಅವರ ಪಟ್ಟಿಂಗ್ ಬಗ್ಗೆ ಜಗತ್ತೇ ಮಾತಾಡಿತು.

ದುಡ್ಡಿನ ವಿಷಯ ಹೇಳದಿದ್ರೆ ಆಗೋದಿಲ್ಲ. ಒಳ್ಳೆ ಯುರೆಥೇನ್ ಬಾಲ್ ಡಜನ್‌ಗೆ ಸಾವಿರಗಟ್ಟಲೆ, ಪೊದೆಗೆ ಹೋದ ಪ್ರತಿ ಬಾಲ್ ಜೇಬಿಗೆ ಗೊತ್ತಾಗ್ತದೆ. ರೌಂಡಿಗೆ ತುಂಬಾ ಬಾಲ್ ಕಳೆಯುವವರು, ಈಗಷ್ಟೇ ಶುರು ಮಾಡಿದವರು ಒಳ್ಳೆ ಹೆಸರಿನ ಎರಡು ಪೀಸಿನ ಬಾಲ್ ಹಿಡಿದ್ರೆ ಟೀಯಿಂದ ಎಂತದೂ ಕಳ್ಕೊಳ್ಳೋದಿಲ್ಲ, ನಿಶ್ಚಿಂತೆಯಿಂದ ಆಡಿ. ಯಾವುದಾದ್ರೂ ಸರಿ, ಒಂದನ್ನೇ ಹಿಡೀರಿ. ಬ್ಯಾಗ್‌ಗೆ ಕೈ ಹಾಕಿದಾಗ ಸಿಕ್ಕಿದ್ದನ್ನ ಟೀ ಮೇಲೆ ಇಟ್ಟು ಹೊಡೀತಾ ಇದ್ರೆ ಶಾಟ್ ಹಿಂದೆ ಬಿದ್ದದ್ದು ನಮ್ಮಿಂದಲಾ ಬಾಲ್‌ನಿಂದಲಾ ಅಂತ ಯಾವತ್ತೂ ಗೊತ್ತಾಗೋದಿಲ್ಲ. ಕೆರೆಯಿಂದ ತೆಗೆದು ತೊಳೆದು ಮಾರುವ ಲೇಕ್ ಬಾಲ್ ಬಗ್ಗೆ ಕೇಳ್ತಾರೆ. ಅದು ಎಷ್ಟು ದಿನ ನೀರಲ್ಲಿತ್ತು ಅಂತ ಹೇಳುವವರಿಲ್ಲ, ಮೇಲೆ ಪೇಂಟ್ ಬಳಿದು ಹೊಸತು ಮಾಡಿದ್ದಾದ್ರೆ ಡಿಂಪಲ್ ತುಂಬಿ ಹಾರುವ ಗುಣವೇ ಬದಲಾಗಿರ್ತದೆ, ಹಾಗಾಗಿ ಅಭ್ಯಾಸಕ್ಕೆ ಆದೀತು, ಟೂರ್ನಮೆಂಟಿಗೆ ನಾನಂತೂ ತಗೊಳ್ಳೋದಿಲ್ಲ.

ಇನ್ನೊಂದು ಸುದ್ದಿ ಉಂಟು, ಕೆಲವರು ಅದಕ್ಕೆ ತುಂಬಾ ತಲೆ ಕೆಡಿಸಿಕೊಂಡಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಆರ್ ಅಂಡ್ ಎ ಮತ್ತೆ ಯುಎಸ್‌ಜಿಎ ಬಾಲ್ ಟೆಸ್ಟಿನ ವೇಗವನ್ನ 120 ಮೈಲಿಯಿಂದ 125ಕ್ಕೆ ಏರಿಸ್ತೇವೆ, 317 ಯಾರ್ಡ್‌ನ ಗಡಿ ಮಾತ್ರ ಹಾಗೇ ಇರ್ತದೆ ಅಂತ ಘೋಷಿಸಿದ್ರು, ಅಂದ್ರೆ ಮುಂದಿನ ಬಾಲ್‌ಗಳು ಸ್ವಲ್ಪ ಕಮ್ಮಿ ದೂರ ಹೋಗುವ ಹಾಗೆ ಮಾಡ್ಬೇಕು. ಅತಿ ಜೋರು ಹೊಡೆಯುವ ಪ್ರೊಗಳಿಗೆ 13ರಿಂದ 15 ಯಾರ್ಡ್ ಕಮ್ಮಿಯಾಗಬಹುದು, ನಮ್ಮಂಥ ಸಾಮಾನ್ಯ ಆಟಗಾರರಿಗೆ 5 ಯಾರ್ಡ್ ಅಥವಾ ಅದಕ್ಕಿಂತ ಕಮ್ಮಿ ಅಂತ ಅವರದ್ದೇ ಅಂದಾಜು. ನನಗೆ ಈ ತೀರ್ಮಾನ ಸರಿ ಅಂತಲೇ ಕಾಣ್ತದೆ, ಪ್ರೊಗಳ ಏಟಿಗೆ ತಕ್ಕ ಹಾಗೆ ಎಲ್ಲ ಊರಲ್ಲೂ ಕೋರ್ಸ್ ಉದ್ದ ಮಾಡ್ತಾ ಹೋಗ್ಲಿಕ್ಕೆ ಜಾಗವೂ ಇಲ್ಲ, ನೀರೂ ಇಲ್ಲ. 5 ಯಾರ್ಡ್ ಅಂದ್ರೆ ಪಿಲಿಕುಳದಲ್ಲಿ ಬೆಳಿಗ್ಗೆ ಏಳು ಗಂಟೆಯ ಟೀ ಬಿಟ್ಟು ಹನ್ನೆರಡು ಗಂಟೆಗೆ ಎದುರು ಗಾಳಿಗೆ ಹೊಡೆದ್ರೆ ಹೋಗೋದಕ್ಕಿಂತ ಕಮ್ಮಿ.